ವಾರ್ಡ್ ಪೋಸ್ಟಿಂಗ್‌ನಲ್ಲಿ ಬರೀ ಚೀಟಿ ಓಡಿಸುತ್ತಿದ್ದೇವೆ, ರೋಗಿ ನೋಡಿಕೊಳ್ಳೋದು ಕಲಿಯೋದು ಯಾವಾಗ?

ಸೇಡಂ_ಹುಡುಗಿ
ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಬಿ.ಎಸ್ಸಿ ನರ್ಸಿಂಗ್ ಎರಡನೇ ಸೆಮಿಸ್ಟರ್ ಓದುತ್ತಿದ್ದೇನೆ. ಕಾಲೇಜಿನ ಹೆಸರು ಕೇಳಬೇಡಿ, ಹೇಳುವುದಿಲ್ಲ.

ಬೆಳಗ್ಗೆ ಎಂಟಕ್ಕೆ ವಾರ್ಡಿಗೆ ಹೋಗುತ್ತೇವೆ. ಮೂವತ್ತು ಹಾಸಿಗೆಯ ವಾರ್ಡು. ನಾವೇ ಇಪ್ಪತ್ತು ಜನ. ಟ್ಯೂಟರ್ ಹಾಜರಿ ಹಾಕಿ ಹೋದರೆ ಮತ್ತೆ ಮುಖ ಕಾಣೋದು ಮಧ್ಯಾಹ್ನ. ಅಲ್ಲಿವರೆಗೆ ಲ್ಯಾಬಿಗೆ ಸ್ಯಾಂಪಲ್ ಒಯ್ಯೋದು, ಎಕ್ಸ್‌ರೇ ಚೀಟಿ ತರೋದು, ಎಲ್ಲರ ಬಿಪಿ ಬರೆಯೋದು. ಆ ಬಿಪಿಯಲ್ಲೂ ಅರ್ಧ ನಿನ್ನೆಯದನ್ನೇ ನೋಡಿ ಇಳಿಸಿದ್ದು. ಯಾರೂ ಕೇಳುವುದಿಲ್ಲ.

ಕೇರ್ ಪ್ಲಾನ್, ಅಂದರೆ ರೋಗಿಗೆ ಏನೇನು ಆರೈಕೆ ಅನ್ನೋ ಪಟ್ಟಿ, ಮಾತ್ರ ಚೆನ್ನಾಗಿ ಬರೆಯುತ್ತೇವೆ. ಸ್ಕೇಲ್ ಇಟ್ಟು ಗೆರೆ ಹೊಡೆದು, ಕೆಂಪು ಪೆನ್ನಿನಲ್ಲಿ ಹೆಡ್ಡಿಂಗ್ ಹಾಕಿ ಫೈಲಿಗೆ ಹಚ್ಚುತ್ತೇವೆ. ಆ ಪ್ಲಾನ್‌ನಲ್ಲಿರುವ ರೋಗಿಗೆ ಅದರಿಂದ ಒಂದು ಲೋಟ ನೀರೂ ಸಿಕ್ಕಿರುವುದಿಲ್ಲ. ಸೀನಿಯರ್‌ಗಳು ಯಾರಾದರೂ ಇದ್ದರೆ ಹೇಳಿ, ನೀವು ಕಲಿತದ್ದು ಹೇಗೆ?

ಬಿಸಿಲೂರಿನವ
ಎಲ್ಲಾ ಕಡೆ ಇದೇ ಕಥೆ ತಂಗಿ. ಒಂದು ಲಾಭ ಅಂದರೆ ನಾಲ್ಕನೇ ವರ್ಷಕ್ಕೆ ಬರುವಷ್ಟರಲ್ಲಿ ಯಾವ ಮಹಡಿಯಲ್ಲಿ ಏನಿದೆ ಅಂತ ಲಿಫ್ಟ್ ಆಪರೇಟರ್‌ಗಿಂತ ಚೆನ್ನಾಗಿ ಗೊತ್ತಿರುತ್ತದೆ.

ರೂಲ್ಸ್_ರಾಯ
ಮೂವತ್ತು ಹಾಸಿಗೆಗೆ ಇಪ್ಪತ್ತು ವಿದ್ಯಾರ್ಥಿಗಳು ಅಂದಿರಲ್ಲ, ತಪ್ಪು ಅಲ್ಲಿಂದಲೇ ಶುರು. ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕ ಒಬ್ಬ ವಿದ್ಯಾರ್ಥಿಗೆ 3 ರೋಗಿ. ಅಂದರೆ ನಿಮ್ಮ ವಾರ್ಡಿಗೆ 10 ಜನ ಸಾಕು. ಶಿಕ್ಷಕರ ಲೆಕ್ಕ 10 ವಿದ್ಯಾರ್ಥಿಗೆ 1. ಆ ಒಬ್ಬರು ಹಾಜರಿ ಹಾಕಿ ಹೋಗೋಕೆ ಇರುವವರಲ್ಲ, ಪಕ್ಕದಲ್ಲಿ ನಿಂತು ಕಲಿಸೋಕೆ ಇರುವವರು.

ಥಿಯರಿಗೆ 80% ಹಾಜರಾತಿ ಇದ್ದರೆ ಪರೀಕ್ಷೆಗೆ ಕೂರಬಹುದು. ಕ್ಲಿನಿಕಲ್‌ನದು, ಅಂದರೆ ವಾರ್ಡಿನದು, ಡಿಗ್ರಿ ಕೈಗೆ ಬರುವ ಮುಂಚೆ 100% ಆಗಿರಬೇಕು. ನಿಯಮ ಮಾಡಿದವರಿಗೆ ವಾರ್ಡು ಎಷ್ಟು ಮುಖ್ಯ ಅಂತ ಗೊತ್ತಿದೆ. ನಡೆಸುವವರಿಗೆ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಸುಮ್ನಿದ್ದಾರೆ.

ಬಿಸಿಲೂರಿನವ
ರಾಯರೇ, ಸ್ವಂತ ಆಸ್ಪತ್ರೆಯಲ್ಲಿ ರೋಗಿಗಳೇ ಇಲ್ಲದ ಕಾಲೇಜುಗಳೆಲ್ಲ ಸರ್ಕಾರಿ ಆಸ್ಪತ್ರೆಗೇ ಹುಡುಗರನ್ನು ಕಳಿಸುತ್ತವೆ. ನಾಲ್ಕು ಕಾಲೇಜಿನ ಯೂನಿಫಾರ್ಮು ಒಂದೇ ವಾರ್ಡಿನಲ್ಲಿ. ರೋಗಿಗಿಂತ ಏಪ್ರನ್ ಜಾಸ್ತಿ.

ನೈಟ್_ಡ್ಯೂಟಿ_ಅಕ್ಕ
ಬೀದರ್ ಕಡೆ ನರ್ಸಿಂಗ್ ಆಫೀಸರ್ ಆಗಿದ್ದೇನೆ. ಸೇಡಂ ತಂಗಿ, ನಿಯಮ ಬದಲಾಗೋವರೆಗೆ ಕಾಯಬೇಡ. ನಿನ್ನ ಕೈಯಲ್ಲಿರೋದು ಬಿಪಿ, ನಾಡಿ, ಉಸಿರು, ಜ್ವರ. ಅದನ್ನೇ ಸರಿಯಾಗಿ ಮಾಡು.

ಉಸಿರು ಎಣಿಸೋದನ್ನೇ ತಗೋ. ಚಾರ್ಟುಗಳಲ್ಲಿ ಎಲ್ಲರದ್ದೂ 20 ಅಂತ ಇರುತ್ತದೆ ನೋಡು. ಯಾರೂ ಎಣಿಸಿರುವುದಿಲ್ಲ. ಸರಿಯಾದ ಕ್ರಮ ಹೀಗೆ: ನಾಡಿ ನೋಡೋಕೆ ಮಣಿಕಟ್ಟು ಹಿಡಿ, ಒಂದು ನಿಮಿಷ ನಾಡಿ ಎಣಿಸು. ಮುಗಿದ ಮೇಲೂ ಕೈ ಬಿಡಬೇಡ. ಇನ್ನೂ ನಾಡಿಯನ್ನೇ ನೋಡುತ್ತಿರುವ ಹಾಗೆ ನಿಂತು ಎದೆ ಏರಿ ಇಳಿಯೋದನ್ನು ಪೂರ್ತಿ ಒಂದು ನಿಮಿಷ ಎಣಿಸು. "ಉಸಿರು ನೋಡ್ತೀನಿ ಅಜ್ಜಿ" ಅಂದೆಯೋ, ಮುಗೀತು, ಅವರು ಉಸಿರಾಡೋ ರೀತಿಯೇ ಬದಲಾಗುತ್ತದೆ. ಆ ಎರಡು ನಿಮಿಷದಲ್ಲಿ ಕೈ ತಣ್ಣಗಿದೆಯಾ, ಬೆವರಿದೆಯಾ, ಕಾಲು ಊದಿದೆಯಾ, ಮಾತಿನ ಮಧ್ಯೆ ಏದುಸಿರು ಬರುತ್ತದಾ, ಎಲ್ಲಾ ಗೊತ್ತಾಗುತ್ತದೆ. 20 ಇದ್ದದ್ದು 28 ಆದರೆ ಡಾಕ್ಟರನ್ನು ಕರೆಯೋಕೆ ಅಷ್ಟೇ ಸಾಕು. ಬಿಪಿ ಬೀಳೋಕೆ ಮೊದಲೇ ಉಸಿರು ಹೇಳಿಬಿಡುತ್ತದೆ.

ಇನ್ನೊಂದು ಮಾತು. ಬಿಪಿ ಕಫ್ಫನ್ನು ಬಟ್ಟೆ ಮೇಲೆ ಕಟ್ಟಬೇಡ. ತೋಳು ಎದೆ ಮಟ್ಟಕ್ಕಿರಲಿ.

ತಾಂಡಾ_ಹುಡುಗ
ಅಕ್ಕ, ನಮ್ಮ ತಾಂಡಾದ ಅಜ್ಜಿಯರಿಗೆ ಮೊಣಕೈ ಮೇಲೂ ಬಳೆ ಇರುತ್ತವೆ. ಕಫ್ ಎಲ್ಲಿ ಕಟ್ಟೋದು? ನಮ್ಮ ದೊಡ್ಡವ್ವನಿಗೆ ಒಂದು ಕಡೆ "ಬಳೆ ಒಡೆದು ಬಾ" ಅಂದುಬಿಟ್ಟರು. ಅವಳು ಆಸ್ಪತ್ರೆಯಿಂದ ಎದ್ದು ಸೀದಾ ಬಸ್ ಸ್ಟ್ಯಾಂಡಿಗೆ ಹೋದಳು.

ನೈಟ್_ಡ್ಯೂಟಿ_ಅಕ್ಕ
ಹೋಗದೆ ಇನ್ನೇನು! ಒಡಿ ಅನ್ನಬಾರದು. ಮನೆಯವರನ್ನೇ ಕರೆದು ಕೇಳಬೇಕು, ಜಾರಿಸೋಕೆ ಬಂದರೆ ಅವರೇ ಜಾರಿಸುತ್ತಾರೆ. ಬರಲಿಲ್ಲ ಅಂದರೆ ಮುಂಗೈಯಲ್ಲಿ ಜಾಗ ಇದ್ದರೆ ಅಲ್ಲಿ ಸರಿಯಾದ ಅಳತೆಯ ಕಫ್ ಕಟ್ಟಿ ನೋಡಿ, ಚಾರ್ಟಿನಲ್ಲಿ "ಮುಂಗೈ" ಅಂತ ಬರೆಯಬೇಕು. ಅಲ್ಲಿನ ಅಂಕಿ ತೋಳಿನದಕ್ಕಿಂತ ಜಾಸ್ತಿ ಬರಬಹುದು. ಬರೆಯದಿದ್ದರೆ ಮುಂದಿನ ಶಿಫ್ಟಿನವರು ಬಿಪಿ ಏರಿದೆ ಅಂದುಕೊಳ್ಳುತ್ತಾರೆ.

ನಿವೃತ್ತ_ಸಿಸ್ಟರ್
ಈಗಿನ ಹುಡುಗಿಯರಿಗೆ ಎಲ್ಲಾ ಬೇಗ ಬೇಕು. ನಾವು ಮೊದಲ ವರ್ಷ ಪೂರ್ತಿ ಹಾಸಿಗೆ ಹಾಸಿದ್ದೇವೆ, ಬೆಡ್‌ಪ್ಯಾನ್ ತೊಳೆದಿದ್ದೇವೆ. ಸೂಜಿ ಮುಟ್ಟೋಕೆ ಬಿಟ್ಟದ್ದು ಎಷ್ಟೋ ತಿಂಗಳ ಮೇಲೆ. ಚೀಟಿ ಓಡಿಸೋದೂ ಕೆಲಸವೇ ಅಮ್ಮಾ.

ಸೇಡಂ_ಹುಡುಗಿ
ಮೇಡಂ, ಬೆಡ್‌ಪ್ಯಾನ್ ಕೊಡೋಕೆ ನಾನು ಹಿಂದೆ ಸರಿಯಲ್ಲ. ಅದು ರೋಗಿಯ ಕೆಲಸ. ಚೀಟಿ ಒಯ್ಯೋದು ಅಟೆಂಡರ್ ಕೆಲಸ. ನಾಲ್ಕು ವರ್ಷಕ್ಕೆ ಫೀಸು ಕಟ್ಟಿರೋದು ನಮ್ಮಪ್ಪ, ತೊಗರಿ ಮಾರಿ.

ತೊಗರಿ_ನಾಡು
ಹಾಕ್ ತಂಗಿ 👏

ನಿವೃತ್ತ_ಸಿಸ್ಟರ್
ಕೋಪ ಬೇಡ. ಹೇಳೋದು ಪೂರ್ತಿ ಕೇಳು. ಹಾಸಿಗೆ ಹಿಡಿದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ನಿಮಗೂ ಪಾಠ ಇದೆ. ಇಡೀ ವಾರ್ಡಿಗೆ ಒಬ್ಬಳೇ ಸ್ಟಾಫ್ ನರ್ಸ್ ಇದ್ದರೆ ಅದು ಆಗುತ್ತದಾ? ಆಗುವುದಿಲ್ಲ. ನೀವು ಇಪ್ಪತ್ತು ಜನ ಇದ್ದೀರಿ. ಇಬ್ಬಿಬ್ಬರು ಸೇರಿ ಹತ್ತಕ್ಕೆ, ಹನ್ನೆರಡಕ್ಕೆ ತಿರುಗಿಸಿ. ತಿರುಗಿಸಿದಾಗ ಬೆನ್ನು ನೋಡಿ: ಸೊಂಟದ ಮೂಳೆ, ಹಿಮ್ಮಡಿ, ಮೊಣಕೈ. ಕೆಂಪಾಗಿದ್ದ ಜಾಗ ಬೆರಳಿನಿಂದ ಒತ್ತಿದರೆ ಬಿಳಿ ಆಗಬೇಕು. ಒತ್ತಿದರೂ ಕೆಂಪಾಗೇ ಉಳಿದರೆ ಹುಣ್ಣು ಶುರುವಾಗಿದೆ ಅಂತ ಅರ್ಥ. ನಮ್ಮ ಕಪ್ಪು ಮೈಯವರಲ್ಲಿ ಕೆಂಪು ಕಾಣುವುದಿಲ್ಲ, ಅದಕ್ಕೆ ಬಿಸಿ ಇದೆಯಾ, ಗಟ್ಟಿ ಆಗಿದೆಯಾ ಅಂತ ಮುಟ್ಟಿ ನೋಡಬೇಕು. ಕೆಂಪಾದ ಜಾಗವನ್ನು ತಿಕ್ಕಬಾರದು. ಇದನ್ನು ಮಾಡೋಕೆ ಯಾರ ಅಪ್ಪಣೆಯೂ ಬೇಡ, ಡ್ಯೂಟಿ ಸಿಸ್ಟರ್‌ಗೆ ಒಂದು ಮಾತು ಹೇಳಿದರೆ ಖುಷಿಯಿಂದ ಹೂಂ ಅನ್ನುತ್ತಾಳೆ.

ಸುರಪುರ_ಸೀಮೆ
ನಾನು ನರ್ಸ್ ಅಲ್ಲ, ರೋಗಿಯ ಮಗ. ಕಳೆದ ವರ್ಷ ಅಪ್ಪನನ್ನು ಯಾದಗಿರಿಯಲ್ಲಿ ಅಡ್ಮಿಟ್ ಮಾಡಿದ್ದೆವು. ಆಸ್ಪತ್ರೆ ಹೆಸರು ಬೇಡ. ಕಲಿಯೋ ಹುಡುಗರು ಐವಿ ಹಾಕೋಕೆ ಬಂದರು. ಒಬ್ಬ ಚುಚ್ಚಿದ, ಸಿಗಲಿಲ್ಲ. ಇನ್ನೊಬ್ಬ ಚುಚ್ಚಿದ, ಆಗಲಿಲ್ಲ. ಮತ್ತೊಬ್ಬ ಮುಂದೆ ಬಂದ. ಅಪ್ಪ ಕೈ ಹಿಂದೆ ಎಳೆದುಕೊಂಡು "ಸಾಕ್ ಬಿಡ್ರೋ, ನನ್ನ ಕೈ ಏನ್ ಹೊಲ ಅದನಾ ಬಾವಿ ತೋಡ್ಲಾಕ?" ಅಂದರು. ವಾರ್ಡೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ನೀವು ಕಲಿಯಬೇಕು, ಒಪ್ಪುತ್ತೇನೆ. ಬಡವರ ಕೈ ಮೇಲೇ ಯಾಕೆ ಕಲಿಯಬೇಕು? ಪ್ರೈವೇಟ್ ರೂಮಿನವರ ಹತ್ತಿರ ಯಾಕೆ ಹೋಗುವುದಿಲ್ಲ?

ನೈಟ್_ಡ್ಯೂಟಿ_ಅಕ್ಕ
ಅಣ್ಣಾ, ನೀವು ಹೇಳಿದ್ದು ಸರಿ. ಕ್ರಮ ಏನು ಅಂದರೆ ಮೊದಲು ಕಾಲೇಜಿನ ಸ್ಕಿಲ್ ಲ್ಯಾಬಿನಲ್ಲಿ ಗೊಂಬೆ ಕೈ ಮೇಲೆ ಕೈ ಕೂರಬೇಕು. ವಾರ್ಡಿನಲ್ಲಿ ಸೀನಿಯರ್ ಪಕ್ಕದಲ್ಲಿರಬೇಕು. "ನಾನು ವಿದ್ಯಾರ್ಥಿನಿ, ಹಾಕಲಾ?" ಅಂತ ರೋಗಿಯನ್ನು ಕೇಳಬೇಕು. ಬೇಡ ಅಂದರೆ ಬೇಡ. ನಾವು ಎರಡು ಸಲಕ್ಕಿಂತ ಜಾಸ್ತಿ ಯಾರಿಗೂ ಚುಚ್ಚೋಕೆ ಬಿಡುವುದಿಲ್ಲ, ಆಮೇಲೆ ಅನುಭವ ಇದ್ದವರೇ ಹಾಕಬೇಕು.

ಬಿಸಿಲೂರಿನವ
ಸ್ಕಿಲ್ ಲ್ಯಾಬಾ? ನಮ್ಮಲ್ಲಿ ಅದಕ್ಕೆ ಬೀಗ ಇತ್ತು. ಇನ್ಸ್‌ಪೆಕ್ಷನ್ ದಿನ ಗೊಂಬೆಗೆ ಸ್ನಾನ, ಹೊಸ ಬೆಡ್‌ಶೀಟು. ಮರುದಿನ ಮತ್ತೆ ಬೀಗ.

ಸುರಪುರ_ಸೀಮೆ
ಕೇಳಿದ್ದರೆ ಅಪ್ಪ ಹೂಂ ಅನ್ನುತ್ತಿದ್ದರೇನೋ. ಯಾರೂ ಕೇಳಲೇ ಇಲ್ಲ. ಪ್ರೈವೇಟ್ ರೂಮಿನ ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ.

ರೂಲ್ಸ್_ರಾಯ
ಅದಕ್ಕೆ ಉತ್ತರ ಎಲ್ಲರಿಗೂ ಗೊತ್ತು ಬಿಡಿ. ದುಡ್ಡು ಕೊಟ್ಟವರು ಬೈಯುತ್ತಾರೆ.

ಬ್ರದರ್_ಹುಮನಾಬಾದ್
ಹುಡುಗರ ಕಷ್ಟ ಯಾರೂ ಹೇಳುತ್ತಿಲ್ಲ. ಗಂಡಸರ ವಾರ್ಡಿನಲ್ಲಿ ನಮ್ಮನ್ನು "ಡಾಕ್ಟರ್ ಸಾಬ್" ಅನ್ನುತ್ತಾರೆ, ಹೆರಿಗೆ ವಾರ್ಡಿನ ಬಾಗಿಲಲ್ಲಿ "ನೀ ಯಾಕ ಬಂದಿ?" ಅನ್ನುತ್ತಾರೆ. ಸಿಲಬಸ್‌ನಲ್ಲಿ ಮಾತ್ರ ಹುಡುಗ, ಹುಡುಗಿ ಇಬ್ಬರಿಗೂ ಮಿಡ್‌ವೈಫರಿ ಇದೆ. ಕೆಲಸಕ್ಕೆ ಹೋದರೆ ಏಮ್ಸ್‌ನವರು ನಡೆಸುವ ನಾರ್ಸೆಟ್ ಅನ್ನೋ ನೇಮಕಾತಿ ಪರೀಕ್ಷೆಯಲ್ಲಿ, ಏಮ್ಸ್ ಹುದ್ದೆಗಳಲ್ಲಿ 80% ಹೆಂಗಸರಿಗೆ, ಉಳಿದ 20% ನಮಗೆ.

ತೊಗರಿ_ನಾಡು
ಬ್ರದರ್, ಆ 20ರಲ್ಲಿ ಬರೋಕೆ ಕೋಚಿಂಗ್ ಎಲ್ಲಿ ತಗೊಂಡಿರಿ?

ಬ್ರದರ್_ಹುಮನಾಬಾದ್
ಇನ್ನೂ ಬಂದಿಲ್ಲ ಮಾರಾಯಾ, ಓದುತ್ತಿದ್ದೇನೆ.

ಭಾಲ್ಕಿ_ಮಾವ
ವಿಷಯ ಬೇರೆ, ಆದರೂ ಕೇಳುತ್ತೇನೆ. ನನ್ನ ಸೊಸೆ, ಅಕ್ಕನ ಮಗಳು, ಈ ಸಲ ಪಿಯುಸಿ ಸೈನ್ಸ್. ಬಿ.ಎಸ್ಸಿ ನರ್ಸಿಂಗ್‌ಗೆ ಸಿಇಟಿ ಬೇಕಾ? 371ಜೆ ಮೀಸಲಾತಿ ನಡೆಯುತ್ತದಾ?

ರೂಲ್ಸ್_ರಾಯ
ಸರ್ಕಾರಿ ಕೋಟಾ ಸೀಟಿಗೆ ಸಿಇಟಿ ಬರೆಯಲೇಬೇಕು, ಹಂಚೋದು ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಜೊತೆ ಇಂಗ್ಲಿಷ್ ಇರಬೇಕು. 371ಜೆ ಕಲ್ಯಾಣ ಕರ್ನಾಟಕದ ಏಳೂ ಜಿಲ್ಲೆಯವರಿಗೆ ನಡೆಯುತ್ತದೆ, ನಮ್ಮ ಭಾಗದ ಸಂಸ್ಥೆಗಳಲ್ಲಿ 70% ಸೀಟು ನಮಗೆ. ಸರ್ಟಿಫಿಕೇಟ್ ಈಗಲೇ ಮಾಡಿಸಿಡಿ, ಕೌನ್ಸೆಲಿಂಗ್ ಹೊತ್ತಿಗೆ ಓಡಬೇಡಿ. ಒಂದು ಎಚ್ಚರಿಕೆ: "ಕ್ಲಾಸಿಗೆ ಬರೋದು ಬೇಡ, ಪರೀಕ್ಷೆಗೆ ಬಂದರೆ ಸಾಕು" ಅನ್ನುವ ಏಜೆಂಟ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಭಾಲ್ಕಿ_ಮಾವ
ಅಂಥವನು ಆಗಲೇ ಮನೆಗೆ ಬಂದು ಚಹಾ ಕುಡಿದು ಹೋಗಿದ್ದಾನೆ 😐

ನೈಟ್_ಡ್ಯೂಟಿ_ಅಕ್ಕ
ಮಾವಾ, ಹಾಗೆ ಪಾಸಾಗಿ ಬಂದವರ ಜೊತೆ ನಾನು ಡ್ಯೂಟಿ ಮಾಡಿದ್ದೇನೆ. ಕೆಂಪು ಮುಚ್ಚಳದ ಇನ್ಸುಲಿನ್ ಸಿರಿಂಜ್ ಯಾಕೆ, ಕಿತ್ತಳೆ ಮುಚ್ಚಳದ್ದು ಯಾಕೆ ಅಂತ ಅವರಿಗೆ ಗೊತ್ತಿರುವುದಿಲ್ಲ. ಕೆಂಪು ಮಿಲಿಗೆ 40 ಯೂನಿಟ್ ಇರುವ ಬಾಟಲಿಗೆ, ಕಿತ್ತಳೆ ಮಿಲಿಗೆ 100 ಯೂನಿಟ್‌ನದಕ್ಕೆ. 100ರ ಬಾಟಲಿಯ ಔಷಧಿಯನ್ನು ಕೆಂಪು ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಡೋಸ್ ಹೋಗುತ್ತದೆ. ರೋಗಿ ಬೆಳಗಿನ ಜಾವ ಸಕ್ಕರೆ ಇಳಿದು ಪ್ರಜ್ಞೆ ತಪ್ಪುತ್ತಾನೆ. ಡಿಗ್ರಿ ಸುಲಭವಾಗಿ ಸಿಕ್ಕರೆ ಸಾಯೋದು ಬೇರೆಯವರು.

ಸೇಡಂ_ಹುಡುಗಿ
ಅಕ್ಕ, ಇದು ನಮಗೆ ಇನ್ನೂ ಹೇಳಿಕೊಟ್ಟಿಲ್ಲ. ಇವತ್ತೇ ಬರೆದಿಟ್ಟುಕೊಂಡೆ. ಡ್ರಿಪ್ ಲೆಕ್ಕವೂ ಗೊಂದಲ. ಒಂದು ಲೀಟರ್ ಎಂಟು ಗಂಟೆಯಲ್ಲಿ ಅಂದರೆ ನಿಮಿಷಕ್ಕೆ ಎಷ್ಟು ಹನಿ?

ತೊಗರಿ_ನಾಡು
31.

ಬ್ರದರ್_ಹುಮನಾಬಾದ್
42 ಅಲ್ವಾ?

ತೊಗರಿ_ನಾಡು
31 ಸ್ವಾಮಿ. ನಮ್ಮ ಸರ್ ಹೇಳಿದ್ದು.

ನೈಟ್_ಡ್ಯೂಟಿ_ಅಕ್ಕ
ಇಬ್ಬರೂ ಜಗಳ ನಿಲ್ಲಿಸಿ ಸೆಟ್‌ನ ಪಾಕೀಟು ನೋಡಿ. ಒಂದು ಮಿಲಿಗೆ ಎಷ್ಟು ಹನಿ ಅಂತ ಅದರ ಮೇಲೇ ಬರೆದಿರುತ್ತದೆ. 20 ಹನಿಯ ಸೆಟ್ ಆದರೆ 1000 ಗುಣಿಸು 20, ಭಾಗಿಸು 480 ನಿಮಿಷ, ಸುಮಾರು 42. 15 ಹನಿಯದಾದರೆ 31. ಮಕ್ಕಳ ಮೈಕ್ರೋ ಸೆಟ್‌ನಲ್ಲಿ ಮಿಲಿಗೆ 60 ಹನಿ, ಅಲ್ಲಿ ಗಂಟೆಗೆ ಎಷ್ಟು ಮಿಲಿಯೋ ನಿಮಿಷಕ್ಕೆ ಅಷ್ಟೇ ಹನಿ. ಹನಿ ಇಟ್ಟು ಹೋಗಿಬಿಡಬೇಡಿ, ಅರ್ಧ ಗಂಟೆ ಬಿಟ್ಟು ಬಂದು ನೋಡಿ. ರೋಗಿ ಕೈ ಮಡಚಿದರೆ ಹನಿ ನಿಂತಿರುತ್ತದೆ. ಜೊತೆಗಿದ್ದವರು "ಲಗೂ ಮುಗೀಲಿ" ಅಂತ ಚಕ್ರ ಪೂರ್ತಿ ಬಿಟ್ಟಿರುತ್ತಾರೆ.

ಗುರುಮಠಕಲ್_ಗಡಿ
ಜೊತೆಗಿದ್ದವರು ಅಂದಾಗ ನೆನಪಾಯಿತು. ನಮ್ಮ ಕಡೆ ವಾರ್ಡಿನಲ್ಲಿ ಒಂದು ಸಾಲಿನಲ್ಲೇ ಕನ್ನಡ, ತೆಲುಗು, ದಖ್ಖನಿ ಉರ್ದು, ಲಂಬಾಣಿ. ನಮ್ಮ ಬ್ಯಾಚಿನಲ್ಲಿ ಕೇರಳದ ಹುಡುಗಿ ಒಬ್ಬಳಿದ್ದಳು. ಓದಿನಲ್ಲಿ ಮುಂದು, ಆದರೆ ಕನ್ನಡ ಬರುತ್ತಿರಲಿಲ್ಲ. ಹರ್ನಿಯಾ ಆಪರೇಷನ್ ಆಗಿದ್ದ ಒಬ್ಬ ಮುತ್ಯಾ ಸಂಜೆಯಿಂದ ಸುಮ್ಮನೆ ಒದ್ದಾಡುತ್ತಿದ್ದ. ಹುಡುಗಿಯರ ಮುಂದೆ ಹೇಳೋಕೆ ನಾಚಿಕೆ. ಎಲ್ಲರೂ ಗಾಯದ ನೋವು ಅಂದುಕೊಂಡರು. ಚಾರ್ಟಿನ ಮೂತ್ರದ ಕಾಲಂನಲ್ಲಿ ಯಾರೋ "ಆಗಿದೆ" ಅಂತ ಬರೆದಿದ್ದರು, ಎಷ್ಟು ಮಿಲಿ ಅಂತ ಇರಲಿಲ್ಲ. ಇವಳಿಗೆ ಅದೇ ಅನುಮಾನ ಬಂತು. ಹೊದಿಕೆ ಸರಿಸಿ ಹೊಕ್ಕುಳ ಕೆಳಗೆ ಕೈ ಇಟ್ಟು ನೋಡಿದಳು. ಗಟ್ಟಿಯಾಗಿ ಉಬ್ಬಿತ್ತು. ಮೂತ್ರ ಕಟ್ಟಿತ್ತು. ಡ್ಯೂಟಿ ಡಾಕ್ಟರನ್ನು ಕರೆದು ಕ್ಯಾಥೆಟರ್, ಅಂದರೆ ಮೂತ್ರದ ನಳಿಕೆ, ಹಾಕಿಸಿದಳು. ಮುತ್ಯಾ ಒಂದು ದೊಡ್ಡ ಉಸಿರು ಬಿಟ್ಟು "ನೂರು ವರ್ಷ ಬಾಳು ಮಗಳ" ಅಂದ. ಅವಳಿಗೆ ಅರ್ಥ ಆಗಲಿಲ್ಲ, ನಮ್ಮನ್ನು ಕೇಳಿದಳು.

ಸೇಡಂ_ಹುಡುಗಿ
ಅಂದರೆ ನಿನ್ನೆಯ ಬಿಪಿ ಇಳಿಸೋದು ಎಷ್ಟು ಅಪಾಯ ಅಂತ ನಮ್ಮ ಗುಂಪಿಗೆ ಇದನ್ನೇ ಓದಿ ಹೇಳುತ್ತೇನೆ.

ಬಿಸಿಲೂರಿನವ
ಕೇರಳದವರಿಗೆ ಕನ್ನಡ ಬರದಿದ್ದರೂ ಜರ್ಮನ್ ಬರುತ್ತದೆ. ಮೂರನೇ ವರ್ಷಕ್ಕೇ ಕಲಿಯೋಕೆ ಶುರು ಮಾಡುತ್ತಾರೆ, ಅಲ್ಲಿ ಕೆಲಸಕ್ಕೆ ಹೋಗೋಕೆ. ನಮ್ಮವರು ಮಾತ್ರ ಇಂಗ್ಲಿಷ್ ಪೇಪರ್‌ಗೇ ಹೆದರುತ್ತಾರೆ.

ಚಿತ್ತಾಪುರ_ಕನ್ನಡ_ಮೀಡಿಯಂ
ಹೆದರುವುದೇನು ತಪ್ಪಾ? ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಬಂದವರಿಗೆ ಮೊದಲ ಸೆಮಿಸ್ಟರ್‌ನಲ್ಲೇ ಅನಾಟಮಿ, ಫಿಸಿಯಾಲಜಿ ಎಲ್ಲಾ ಇಂಗ್ಲಿಷಿನಲ್ಲಿ. ನಾನು ಮೊದಲ ಸಲ ಫಿಸಿಯಾಲಜಿ ಫೇಲ್. ಆದರೆ ವಾರ್ಡಿನಲ್ಲಿ ಆಯಿ ಒಬ್ಬಳು "ಎದಿಯಾಗ ಭಾರ ಇಟ್ಟಂಗ ಆಗ್ಲಾಕತ್ತದ" ಅಂದರೆ ತಕ್ಷಣ ಇಸಿಜಿ ಮಾಡಿಸೋದು ನಾನೇ, ಇಂಗ್ಲಿಷ್ ಮೀಡಿಯಂನವರಲ್ಲ.

ನಿವೃತ್ತ_ಸಿಸ್ಟರ್
ಭೇಷ್. ಪರೀಕ್ಷೆಯನ್ನೂ ಕಟ್ಟಿ ಪಾಸ್ ಮಾಡು.

ಅಫಜಲಪುರ_ಐಸಿಯು
ಮಳೆಗಾಲ ಬರುತ್ತಿದೆ, ಹೊಲದಿಂದ ಹಾವು ಕಡಿದವರು ಬರುತ್ತಾರೆ. ಕಲಿಯೋರು ಆಗ ಕ್ಯಾಶುವಲ್ಟಿಯಲ್ಲಿ ಪೋಸ್ಟಿಂಗ್ ಕೇಳಿ. ನಿಮ್ಮನ್ನು 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ನೋಡಿಕೊಳ್ಳೋಕೆ ಕೂರಿಸುತ್ತಾರೆ. ಚಿಕ್ಕ ಕೆಲಸ ಅನ್ನಬೇಡಿ. ಹೊಸ, ಒಣಗಿದ ಗಾಜಿನ ಟ್ಯೂಬ್ ಬೇಕು, ಪ್ಲಾಸ್ಟಿಕ್ ಆಗದು. ಸೋಪು ಹಾಕಿ ತೊಳೆದದ್ದೂ ಆಗದು. 2 ಮಿಲಿ ರಕ್ತ ಹಾಕಿ ಅಲ್ಲಾಡಿಸದೆ ಇಡಬೇಕು. 20 ನಿಮಿಷ ಆದ ಮೇಲೆ ಒಮ್ಮೆ ಬಾಗಿಸಿ ನೋಡಬೇಕು. ಇನ್ನೂ ನೀರಿನ ಹಾಗೆ ಹರಿದರೆ ವಿಷ ರಕ್ತಕ್ಕೆ ಏರಿದೆ ಅಂತ. ಹತ್ತು ನಿಮಿಷಕ್ಕೇ ಆತುರಪಟ್ಟು ಬಾಗಿಸಿದರೆ ಪರೀಕ್ಷೆ ಹಾಳು. ಆಮೇಲೆ ವಿಷಕ್ಕೆ ಇಂಜೆಕ್ಷನ್ ಕಲಸುವಾಗ ಬಾಟಲಿ ಕುಲುಕಬಾರದು, ನೊರೆ ಬರುತ್ತದೆ. ಮೆಲ್ಲಗೆ ತಿರುಗಿಸಬೇಕು. ಹಚ್ಚಿದ ಮೇಲೆ ರೋಗಿ ಪಕ್ಕದಿಂದ ಕದಲಬೇಡಿ. ಮೈ ತುರಿಕೆ, ದದ್ದು, ಉಸಿರು ಕಟ್ಟೋದು ಶುರುವಾದರೆ ಮೊದಲು ಕಾಣಬೇಕಾದವರು ನೀವು.

ಸುರಪುರ_ಸೀಮೆ
ಇದನ್ನು ನಮ್ಮೂರಿನವರಿಗೂ ಹೇಳಬೇಕು. ಇನ್ನೂ ಮಂತ್ರ ಹಾಕಿಸಿ, ಹಗ್ಗ ಬಿಗಿದು ಕರಕೊಂಡು ಬರುತ್ತಾರೆ.

ಅಫಜಲಪುರ_ಐಸಿಯು
ಹಗ್ಗ ಬೇಡ ಅಣ್ಣಾ. ಕಾಲು ಅಲ್ಲಾಡದ ಹಾಗೆ ಇಟ್ಟು ಬೇಗ ಕರಕೊಂಡು ಬನ್ನಿ. ಕಟ್ಟಿ ತಂದಿದ್ದರೆ ದಾರಿಯಲ್ಲಿ ನೀವೇ ಬಿಚ್ಚಬೇಡಿ, ಆಸ್ಪತ್ರೆಯಲ್ಲಿ ಬಿಚ್ಚುತ್ತೇವೆ.

ಎರಡನೇ_ಬ್ಯಾಚ್
ನಿನ್ನೆ ನಮ್ಮ ಕ್ಲಾಸ್‌ಮೇಟ್‌ಗೆ ಬಳಸಿದ ಸೂಜಿ ಚುಚ್ಚಿತು. ಮುಚ್ಚಳ ಹಾಕೋಕೆ ಹೋಗಿ. ಅವಳು ಬೆರಳು ಹಿಂಡಿ ರಕ್ತ ತೆಗೆದಳು, ಯಾರಿಗೂ ಹೇಳಿಲ್ಲ. ಬೈಯುತ್ತಾರೆ ಅಂತ ಭಯ.

ತೊಗರಿ_ನಾಡು
ಹಿಂಡಿದ್ದು ಒಳ್ಳೇದಾಯಿತು.

ಅಫಜಲಪುರ_ಐಸಿಯು
ಒಳ್ಳೇದಲ್ಲ! ಹಿಂಡಬಾರದು, ಬಾಯಲ್ಲಿ ಚೀಪಬಾರದು. ಸೋಪು ನೀರಿನಲ್ಲಿ ತೊಳೆಯಬೇಕು. ಈಗಲೇ ಅವಳನ್ನು ಕ್ಯಾಶುವಲ್ಟಿಗೆ ಕರಕೊಂಡು ಹೋಗಿ. ಎಚ್ಐವಿ ತಡೆಯುವ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಚೆನ್ನ, 72 ಗಂಟೆ ದಾಟಿದರೆ ಕೊಡುವುದಿಲ್ಲ. ನಿನ್ನೆ ಅಂದಿರಿ, ಇನ್ನೂ ಹೊತ್ತು ಮೀರಿಲ್ಲ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ ಆಗಿದೆಯಾ ಅಂತಲೂ ನೋಡುತ್ತಾರೆ. ಬೈದರೆ ಬೈಯಲಿ, ಹೋಗಿ.

ಎರಡನೇ_ಬ್ಯಾಚ್
ಹೊರಟೆವು.

ನಿವೃತ್ತ_ಸಿಸ್ಟರ್
ಹೋಗಿ ಬಂದು ಇಲ್ಲಿ ತಿಳಿಸು ಮಗಳೇ. ಸೂಜಿಗೆ ಮುಚ್ಚಳ ವಾಪಸ್ ಹಾಕಬಾರದು ಅಂತ ಎಷ್ಟು ಸಲ ಹೇಳೋದು. ಸೂಜಿ ಕತ್ತರಿಸೋ ಹಬ್ ಕಟರ್ ವಾರ್ಡಿನಲ್ಲಿ ಇದೆಯಾ ಇಲ್ವಾ?

ಬಿಸಿಲೂರಿನವ
ಇದೆ ಸಿಸ್ಟರ್. ನಮ್ಮ ಗೊಂಬೆಯ ಪಕ್ಕದಲ್ಲಿ, ಬೀಗದ ಒಳಗೆ.

ಸೇಡಂ_ಹುಡುಗಿ
ನಾವು ಎಂಟು ಜನ ಮಾತಾಡಿಕೊಂಡೆವು. ಇಪ್ಪತ್ತು ಜನರನ್ನು ಹತ್ತು ಹತ್ತು ಮಾಡಿ ಎರಡು ವಾರ್ಡಿಗೆ ಹಾಕಿ, ಟ್ಯೂಟರ್ ಹನ್ನೊಂದರವರೆಗಾದರೂ ವಾರ್ಡಿನಲ್ಲಿರಲಿ, ಸ್ಕಿಲ್ ಲ್ಯಾಬ್ ವಾರಕ್ಕೆರಡು ಮಧ್ಯಾಹ್ನ ತೆರೆಯಿರಿ ಅಂತ ಪ್ರಿನ್ಸಿಪಾಲರಿಗೆ ಪತ್ರ ಕೊಡುತ್ತೇವೆ. ಇಂಟರ್ನಲ್ ಮಾರ್ಕ್ಸ್ ಕಟ್ ಮಾಡುತ್ತಾರೆ ಅಂತ ಇಬ್ಬರು ಹಿಂದೆ ಸರಿದರು.

ರೂಲ್ಸ್_ರಾಯ
ಯಾರ ಮೇಲೂ ದೂರು ಅಂತ ಬರೆಯಬೇಡಿ. ಹತ್ತಕ್ಕೆ ಒಬ್ಬ ಶಿಕ್ಷಕ, ಒಬ್ಬರಿಗೆ ಮೂರು ರೋಗಿ ಅನ್ನೋ ನಿಯಮ ಹಾಕಿ, ವಿನಂತಿ ಅಂತ ಬರೆಯಿರಿ. ಸಹಿ ಎಂಟೇ ಬೇಡ, ಇಡೀ ಕ್ಲಾಸಿನದು ಹಾಕಿಸಿ. ಆಗ ಯಾರ ಮಾರ್ಕ್ಸ್ ಅಂತ ಕಟ್ ಮಾಡುತ್ತಾರೆ?

ನಿವೃತ್ತ_ಸಿಸ್ಟರ್
ಮೊದಲು ಕ್ಲಾಸ್ ಕೋಆರ್ಡಿನೇಟರ್‌ಗೆ ತೋರಿಸಿ, ಅವರನ್ನು ದಾಟಿ ಹೋದರೆ ಅವರೇ ತಿರುಗಿ ಬೀಳುತ್ತಾರೆ. ಎರಡು ಪ್ರತಿ ಮಾಡಿ. ಒಂದು ಆಫೀಸಿಗೆ ಕೊಟ್ಟು, ಇನ್ನೊಂದರ ಮೇಲೆ ಇನ್‌ವರ್ಡ್ ಸೀಲು, ತಾರೀಖು ಹಾಕಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಎರಡನೇ_ಬ್ಯಾಚ್
ಹೋಗಿ ಬಂದೆವು. ಇಬ್ಬರ ರಕ್ತವನ್ನೂ ಟೆಸ್ಟಿಗೆ ಕಳಿಸಿದರು, ರೋಗಿಯದ್ದೂ ಇವಳದ್ದೂ. ಮಾತ್ರೆ ಶುರು ಮಾಡಿದರು. ಬೈದದ್ದು ಒಬ್ಬರೇ. ಹೆಪಟೈಟಿಸ್ ಲಸಿಕೆ ಇವಳಿಗೆ ಒಂದೇ ಡೋಸ್ ಆಗಿತ್ತಂತೆ, ಉಳಿದದ್ದು ಯಾವಾಗ ಹಾಕಿಸಿಕೊಳ್ಳಬೇಕು ಅಂತ ಬರೆದು ಕೊಟ್ಟರು. ಸೇಡಂ ಅಕ್ಕ, ನಿಮ್ಮ ಪತ್ರದಲ್ಲಿ ಎಲ್ಲರಿಗೂ ಲಸಿಕೆ ಅಂತಲೂ ಒಂದು ಸಾಲು ಸೇರಿಸಿ, ನಮ್ಮ ಬ್ಯಾಚಿನವರೂ ಅಂಥದ್ದೇ ಪತ್ರ ಕೊಡುತ್ತೇವೆ.